ಪೀಪಾಯಿಯ ತಳದ ಬೀಗದಕೈ

ಅಭಿರುಚಿಗೆ ಮಾನದಂಡವೊಂದು ಇರಲು ಸಾಧ್ಯವೇ ಎಂದು ಕೇಳುತ್ತ ಡೇವಿಡ್ ಹ್ಯೂಮ್ 1757ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ 'ಡಾನ್ ಕ್ವಿಕ್ಸೋಟ್' ಕಾದಂಬರಿಯಿಂದ ಎತ್ತಿಕೊಂಡ ಒಂದು ಕತೆಯಿದೆ. ಸಾಂಕೋ ಪಾಂಜಾನ ಬಂಧುಗಳಿಬ್ಬರು ವೈನ್ ರುಚಿ ನೋಡುವುದರಲ್ಲಿ ಹೆಸರಾದವರು. ಒಂದು ಪೀಪಾಯಿಯ ಹಳೆಯ ವೈನನ್ನು ಪರೀಕ್ಷಿಸಲು ಅವರನ್ನು ಕರೆಸುತ್ತಾರೆ. ಒಬ್ಬ ನಾಲಿಗೆಯ ಮೇಲಿಟ್ಟು, ಚೆನ್ನಾಗಿದೆ, ಆದರೆ ತುಸು ಚರ್ಮದ ರುಚಿ ಬರುತ್ತಿದೆ ಅನ್ನುತ್ತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿಯಿದೆ ಅನ್ನುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಕೊನೆಗೆ ಪೀಪಾಯಿ ಬರಿದಾದಾಗ ತಳದಲ್ಲಿ ಸಿಗುವುದು ಚರ್ಮದ ದಾರ ಕಟ್ಟಿದ ಒಂದು ಹಳೆಯ ಬೀಗದಕೈ.

ಸಾಹಿತ್ಯ ವಿಮರ್ಶೆ ಓದುವ ನಮ್ಮಂಥವರಿಗೆ ಈ ಕತೆ ದೊಡ್ಡ ಸಮಾಧಾನ. ನಾವು ಹೇಳುವ ರುಚಿ ನಮ್ಮ ತಲೆಯೊಳಗಿನ ಗಾಳಿಗೋಪುರವಲ್ಲ, ಕೃತಿಯ ತಳದಲ್ಲಿ ಎಲ್ಲೋ ಅದಕ್ಕೊಂದು ಬೀಗದಕೈ ಇದ್ದೇ ಇದೆ ಎಂಬ ಭರವಸೆ ಅದು. ಗ್ರಂಥಾಲಯದ ಕೆಲಸಕ್ಕಾಗಿ ಆರು ವಾರ ಶಿಕಾಗೋದಲ್ಲಿದ್ದಾಗ ಪೀಪಾಯಿಯಲ್ಲಿ ಮಾಗಿಸಿದ ಬಿಯರುಗಳ ಹಬ್ಬಕ್ಕೆ ಹೋದದ್ದು ಈ ಭರವಸೆಯನ್ನು ಸ್ವಲ್ಪ ಅಲುಗಾಡಿಸಿ ನೋಡೋಣ ಎಂಬ ಆಸೆಯಿಂದ. ಕುಡಿತದ ಆಸೆಗಿಂತ ಓದಿನ ಆಸೆಯೇ ಹೆಚ್ಚಿತ್ತು ಎಂದರೆ ಗೆಳೆಯರು ನಂಬುವುದಿಲ್ಲ. ಆದರೆ ಆ ಹಬ್ಬದಲ್ಲಿ ಕುಡಿಯಲು ಇರುವಷ್ಟೇ ಓದಲೂ ಇರುತ್ತದೆ.

ಮರ ಮತ್ತು ಪೀಪಾಯಿಯಲ್ಲಿ ಮಾಗಿದ ಬಿಯರಿನ ಈ ಹಬ್ಬವನ್ನು ಅಲ್ಲಿನವರು ಚಿಕ್ಕದಾಗಿ 'ಫೋಬ್ಯಾಬ್' ಎನ್ನುತ್ತಾರೆ. ನಡೆಸುವುದು ಇಲಿನಾಯ್ ರಾಜ್ಯದ ಸಣ್ಣ ಬಿಯರ್ ತಯಾರಕರ ಸಂಘ. ಕಾಲ ನವೆಂಬರ್, ನಾನು ಹೋದಾಗ ನಡೆದದ್ದು ಅಲ್ಲಿನ ವಿಶ್ವವಿದ್ಯಾಲಯವೊಂದರ ದೊಡ್ಡ ಸಭಾಂಗಣದಲ್ಲಿ. ಉದ್ದುದ್ದ ಮೇಜುಗಳ ಹಿಂದೆ ಬಿಯರ್ ಮಾಡಿದವರೇ ನಿಂತು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಲೋಟಕ್ಕೆ ಸುಮಾರು 60 ಮಿಲಿಲೀಟರಿನಷ್ಟು ಸುರಿಯುತ್ತಾರೆ. ಸಾಮಾನ್ಯ ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ 5ರ ಆಸುಪಾಸಿದ್ದರೆ ಇಲ್ಲಿನ ಅನೇಕ ಬಿಯರುಗಳಲ್ಲಿ 12, 14 ಮುಟ್ಟಿರುತ್ತದೆ. ಆದ್ದರಿಂದ ಅಳತೆ ಚಿಕ್ಕದು, ಮಾತು ದೊಡ್ಡದು. ಇದು ಸ್ಪರ್ಧೆಯೂ ಹೌದು. ಸ್ಟೌಟ್, ಬಾರ್ಲಿವೈನ್, ಹುಳಿ ಬಿಯರ್, ಹಣ್ಣಿನ ಬಿಯರ್ ಎಂದು ವಿಭಾಗಗಳಿವೆ, ತೀರ್ಪುಗಾರರಿದ್ದಾರೆ, ಪದಕಗಳಿವೆ. ನಮ್ಮ ಸಾಹಿತ್ಯ ಸಮ್ಮೇಳನಕ್ಕೂ ಇದಕ್ಕೂ ಇರುವ ಹೋಲಿಕೆ ಬೇಗ ಹೊಳೆಯುತ್ತದೆ: ಬರೆದವರು, ಓದಿದವರು, ಬೆಲೆ ಕಟ್ಟುವವರು ಒಂದೇ ಸೂರಿನಡಿ ಇದ್ದಾರೆ, ಮತ್ತು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ.

ಬಿಯರ್ ಪೀಪಾಯಿಗೆ ಹೊಕ್ಕ ಕತೆಯಲ್ಲಿ ರುಚಿಗಿಂತ ಮೊದಲು ಬರುವುದು ಕಾನೂನು. ಅಮೆರಿಕದ ನಿಯಮದಂತೆ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಬಾರದು. ಹೀಗೆ ಸುಮಾರು 200 ಲೀಟರ್ ಹಿಡಿಯುವ, ವಿಸ್ಕಿಯ ಕಂಪನ್ನು ಮೈತುಂಬ ಹೀರಿಕೊಂಡ ಪೀಪಾಯಿಗಳು ಕೆಂಟಕಿಯಲ್ಲಿ ರಾಶಿ ಬೀಳತೊಡಗಿದವು. ಸ್ಕಾಟ್‌ಲೆಂಡಿನ ವಿಸ್ಕಿಯವರು ಅವನ್ನು ಬಹುಕಾಲದಿಂದ ಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಶಿಕಾಗೋದ ಗೂಸ್ ಐಲ್ಯಾಂಡ್ ಸಂಸ್ಥೆಯ ಗ್ರೆಗ್ ಹಾಲ್ ಅಂಥ ಪೀಪಾಯಿಗಳಿಗೆ ದಟ್ಟ ಕಪ್ಪು ಸ್ಟೌಟ್ ತುಂಬಿ 'ಬರ್ಬನ್ ಕೌಂಟಿ ಸ್ಟೌಟ್' ಮಾಡಿದರು. ಸಂಸ್ಥೆ ಇದಕ್ಕೆ ಹೇಳಿಕೊಂಡು ಬಂದ ಇಸವಿ 1992. ಪತ್ರಕರ್ತ ಜಾಶ್ ನೋಯೆಲ್ 2018ರ ತಮ್ಮ ಪುಸ್ತಕದಲ್ಲಿ ಅದನ್ನು ಕೆದಕಿ, 1995 ಎನ್ನುವುದೇ ಹೆಚ್ಚು ಸರಿ ಎಂದು ವಾದಿಸಿದರು. ಶಾಸನಗಳ ಕಾಲನಿರ್ಣಯದ ಜಗಳಗಳನ್ನು ಓದಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಹಳೆಯದಾದಷ್ಟೂ ಬೆಲೆ ಎಂಬ ಕಡೆ ಇಸವಿಗಳು ಸದಾ ಹಿಂದಕ್ಕೇ ಜಾರುತ್ತವೆ. 2011ರಲ್ಲಿ ಆ ಸಂಸ್ಥೆಯನ್ನು ಬಹುರಾಷ್ಟ್ರೀಯ ಕಂಪನಿ ಆನ್‌ಹೈಸರ್ ಬುಷ್ 3 ಕೋಟಿ 88 ಲಕ್ಷ ಡಾಲರಿಗೆ ಕೊಂಡಿತು. ದೊಡ್ಡ ಕಂಪನಿಗಳ ಎದುರು ಎದೆ ಸೆಟೆಸಿ ಹುಟ್ಟಿದ ಚಳವಳಿಯ ಕಳಶಪ್ರಾಯವಾದ ಬಿಯರು ಅಲ್ಲಿಂದಾಚೆಗೆ ಅತಿ ದೊಡ್ಡ ಕಂಪನಿಯ ಸ್ವತ್ತು.

ಇನ್ನು ಓದಿನ ವಿಷಯ. ಪ್ರತಿ ಬಿಯರಿನ ಜೊತೆಗೆ ಒಂದೆರಡು ಸಾಲಿನ ವರ್ಣನೆ ಇರುತ್ತದೆ. ಇದನ್ನು ಒಂದು ಸಾಹಿತ್ಯ ಪ್ರಕಾರವೆಂದೇ ನಾನು ಓದಿದೆ. ಅದರ ವ್ಯಾಕರಣ ಸರಳ. ಮೊದಲು ಯಾವ ಪೀಪಾಯಿ, ಎಷ್ಟು ತಿಂಗಳು ಎಂಬ ವಂಶಾವಳಿ. ಆಮೇಲೆ ನಾಮಪದಗಳ ಸರಮಾಲೆ: ವೆನಿಲ್ಲಾ, ತೆಂಗಿನಕಾಯಿ, ಚಾಕೊಲೇಟು, ಅಂಜೂರ, ತಂಬಾಕು, ಚರ್ಮ. ಕ್ರಿಯಾಪದ ಅಪರೂಪ. ಈ ಪಟ್ಟಿಯನ್ನು ಬರೀ ಬುರುಡೆ ಎಂದು ತಳ್ಳಿಹಾಕುವಂತಿಲ್ಲ. ಮರದೊಳಗಿನ ಲಿಗ್ನಿನ್ ಬೆಂಕಿಗೆ ಒಡೆದು ವೆನಿಲಿನ್ ಆಗುತ್ತದೆ, ವೆನಿಲ್ಲಾ ಕಾಯಿಯಲ್ಲಿರುವುದೂ ಅದೇ ವಸ್ತು. ಓಕ್ ಮರದ ಲ್ಯಾಕ್ಟೋನುಗಳೇ ತೆಂಗಿನ ಕಂಪಿಗೆ ಕಾರಣ. ಬೀಗದಕೈ ಖಂಡಿತ ಇದೆ.

ಆದರೆ ಬೀಗದಕೈ ಇದೆ ಎಂದ ಮಾತ್ರಕ್ಕೆ ನಮ್ಮ ನಾಲಿಗೆ ಅದನ್ನೇ ಮುಟ್ಟಿತು ಎಂದಾಗುವುದಿಲ್ಲ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ವರ್ಣಿಸಲು ಆಯ್ದುಕೊಂಡದ್ದು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ. ಇದನ್ನು ಹೇಳಿ ಪರಿಣತರನ್ನು ಗೇಲಿ ಮಾಡುವುದು ವಾಡಿಕೆ. ನನಗೆ ಅನ್ನಿಸುವುದು ಬೇರೆ. ಪರಿಣತಿ ಎಂದರೆ ನಾಲಿಗೆ ಚುರುಕಾಗುವುದಷ್ಟೇ ಅಲ್ಲ, ಒಂದು ಪದಕೋಶ ಮೈಗೂಡುವುದು ಕೂಡ. ಆ ಪದಕೋಶ ಕಣ್ಣಿಗೆ ಕಂಡ ಬಣ್ಣದಿಂದ ಎಚ್ಚರಗೊಂಡು, ನಾಲಿಗೆಗಿಂತ ಮುಂಚೆ ಉತ್ತರ ಕೊಟ್ಟುಬಿಡುತ್ತದೆ. ಕವಿಯ ಹೆಸರು, ಪ್ರಕಾಶನದ ಮುದ್ರೆ, ಮುನ್ನುಡಿ ಬರೆದವರು ಯಾರು ಎಂಬುದು ನಮ್ಮ ಕೆಂಪು ಬಣ್ಣ.

ನನ್ನನ್ನು ಅಲ್ಲಿಗೆ ಕರೆದೊಯ್ದವರು ಚಿತ್ರದುರ್ಗದ ಕಡೆಯ ಒಬ್ಬ ಅಣ್ಣ. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ ಹತ್ತು ವರ್ಷ ಕಳೆದವರು. ಐದನೆಯ ಲೋಟದ ಹೊತ್ತಿಗೆ ನನ್ನ ಟಿಪ್ಪಣಿ ಪುಸ್ತಕ ನೋಡಿ ನಕ್ಕರು: "ಎಲ್ಲಾ ಒಂದೇ ರುಚಿ ಐತಲ್ಲಮ್ಮ, ಇಷ್ಟೊಂದು ಬರ್ಕಳಾಕೆ ಏನೈತೆ ಇದ್ರಾಗೆ?" ಮಾತು ಒರಟಾಗಿದ್ದರೂ ಅದರೊಳಗೆ ಒಂದು ಖಚಿತವಾದ ವಿಮರ್ಶೆಯಿತ್ತು. ಬೇರೆ ಬೇರೆ ಊರುಗಳ, ಬೇರೆ ಬೇರೆ ಕೈಗಳ ಸ್ಟೌಟುಗಳು ಬರ್ಬನ್ ಪೀಪಾಯಿಯಲ್ಲಿ ವರ್ಷ ಕಳೆದು ಬಂದಾಗ ಅಣ್ಣತಮ್ಮಂದಿರಂತೆ ಕಾಣುತ್ತಿದ್ದವು. ಮೊದಲು ವಿಸ್ಕಿಯ ಬಿಸಿ, ಹಿಂದೆಯೇ ವೆನಿಲ್ಲಾದ ಸಿಹಿ, ಕೊನೆಗೆ ಸುಟ್ಟ ಮರದ ಒಗರು. ಮಾಡಿದವನು ಹುರಿದ ಬಾರ್ಲಿಯಲ್ಲಿ ಏನು ಹೇಳಲು ಹೊರಟಿದ್ದನೋ ಅದು ಪೀಪಾಯಿಯ ಮಾತಿನಡಿ ಸಿಕ್ಕಿ ಕೇಳಿಸದೇ ಹೋಗಿತ್ತು.

ಇಂಥ ಕಡೆ ನಮ್ಮ ಕಾವ್ಯಮೀಮಾಂಸೆ ನೆರವಿಗೆ ಬರುತ್ತದೆ. ರಸ ಎಂಬ ಪರಿಕಲ್ಪನೆಯನ್ನು ವಿವರಿಸುವಾಗ ಭರತ ಹೋಗುವುದೇ ಅಡುಗೆಮನೆಗೆ. ನಾನಾ ವ್ಯಂಜನಗಳು ಕೂಡಿದ ಅಡುಗೆಯನ್ನು ಸವಿಯುವವನ ಉದಾಹರಣೆ ಅವನದು. ಮುಂದೆ ಅಭಿನವಗುಪ್ತ ಪಾನಕದ ಹೋಲಿಕೆ ತರುತ್ತಾನೆ. ಪಾನಕದಲ್ಲಿ ಬೆಲ್ಲ, ಮೆಣಸು ಬೇರೆ ಬೇರೆಯಾಗಿ ನಿಲ್ಲುವುದಿಲ್ಲ. ಎಲ್ಲ ಕೂಡಿ ಅವುಗಳಲ್ಲಿ ಯಾವುದೂ ಅಲ್ಲದ ಹೊಸ ರುಚಿಯೊಂದು ಹುಟ್ಟುತ್ತದೆ. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ಇದನ್ನು ಪರೀಕ್ಷೆಗಾಗಿ ಓದಿ ಮರೆತವರು ನಾವು. ಆದರೆ ಮರ, ಮದ್ಯ, ಧಾನ್ಯ ಮೂರೂ ಕೂಡಿದ ಲೋಟದ ಮುಂದೆ ಅದೊಂದು ಕೆಲಸಕ್ಕೆ ಬರುವ ಅಳತೆಗೋಲು. ಪದಾರ್ಥಗಳ ಪಟ್ಟಿ ಮಾಡಲು ಬರುತ್ತಿದೆ ಎಂದರೆ ಇನ್ನೂ ಪಾನಕವಾಗಿಲ್ಲ ಎಂದರ್ಥ. ಹಾಗೆ ನೋಡಿದರೆ ಆ ವರ್ಣನೆಗಳ ನಾಮಪದಮಾಲೆ ಹೊಗಳಿಕೆಯ ವೇಷದಲ್ಲಿರುವ ದೂರು.

ಆ ಸಂಜೆ ಪಾನಕವಾದದ್ದೂ ಒಂದೆರಡಿದ್ದವು. ಅವು ಸಾಲು ನಿಲ್ಲದ ಮೇಜುಗಳಲ್ಲಿದ್ದವು. ಹಲವು ಬಾರಿ ಬಳಸಿ ತನ್ನ ಕಂಪನ್ನೆಲ್ಲ ಕಳೆದುಕೊಂಡ ಮುದಿ ಪೀಪಾಯಿಯಲ್ಲಿ ಇಟ್ಟ, ಬಣ್ಣದಲ್ಲಿ ತೆಳು ಹುಲ್ಲಿನಂತಿದ್ದ ಒಂದು ಹುಳಿ ಬಿಯರ್ ನೆನಪಿದೆ. ಅದರಲ್ಲಿ ಮರದ ರುಚಿ ಇರಲಿಲ್ಲ, ಮರದಲ್ಲಿ ಕಳೆದ ಕಾಲದ ರುಚಿಯಿತ್ತು. ಬ್ರಸೆಲ್ಸ್ ಸುತ್ತಿನ ಲ್ಯಾಂಬಿಕ್ ಪರಂಪರೆಯ ಮೂಲತತ್ವವೇ ಇದು. ಅಲ್ಲಿ ಹಳೆಯ ಪೀಪಾಯಿ ಬೇಕಾಗುವುದು ಅದರ ಮೈಯೊಳಗೆ ಮನೆ ಮಾಡಿರುವ ಸೂಕ್ಷ್ಮಜೀವಿಗಳಿಗಾಗಿ, ಉಸಿರಾಡುವ ಅದರ ಗೋಡೆಗಾಗಿ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಗೂಸ್ ಎಂಬ ಬಿಯರ್ ಮಾಡುತ್ತಾರೆ. ಎಳೆಯದು ಸೀಸೆಯೊಳಗೆ ಮತ್ತೆ ಹುದುಗಲು ಬೇಕಾದ ಸಕ್ಕರೆ ಕೊಡುತ್ತದೆ, ಹಳೆಯದು ಆಳ ಕೊಡುತ್ತದೆ. ಬೆರೆಸುವವನ ಕೆಲಸ ಒಳ್ಳೆಯ ಸಂಪಾದಕನದು. ಹಳೆಯದಕ್ಕೆ ಹಳೆಯದೆಂಬ ಕಾರಣಕ್ಕೇ ಮಣೆ ಹಾಕಿದರೆ ಅವನು ಕೆಟ್ಟ.

ಯಾವುದು ಗುಣ, ಯಾವುದು ದೋಷ ಎಂಬುದಕ್ಕೂ ಇತಿಹಾಸವಿದೆ. ಲೋಹದ ಪೀಪಾಯಿ ಬರುವವರೆಗೆ ಯುರೋಪಿನ ಬಿಯರೆಲ್ಲ ಮರದಲ್ಲೇ ಇರುತ್ತಿತ್ತು. ಆದರೆ ಮರದ ರುಚಿ ಬಿಯರಿಗೆ ಇಳಿಯಬಾರದು ಎಂದು ಜರ್ಮನರು ಪೀಪಾಯಿಯ ಒಳಗೆ ರಾಳ ಬಳಿಯುತ್ತಿದ್ದರು. ಇಂಗ್ಲಿಷರು ಅಮೆರಿಕದ ಓಕ್ ಮರವನ್ನು ಅದರ ಗಾಢ ಕಂಪಿನ ಕಾರಣಕ್ಕೇ ದೂರವಿಟ್ಟು ಬಾಲ್ಟಿಕ್ ತೀರದ ಮರ ತರಿಸುತ್ತಿದ್ದರು. ಅವರ ಪಾಲಿಗೆ ಕೊಳೆಯಾಗಿದ್ದ ಕಂಪಿಗೆ ಇಂದು ಪದಕ. ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ಕತೆಯೂ ಹೀಗೆಯೇ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿದ್ದ ಕ್ಲಾಸೆನ್ 1904ರಲ್ಲಿ ಅದಕ್ಕೆ ಹೆಸರಿಟ್ಟ. ಇಂಗ್ಲೆಂಡಿನ ಮಾಗಿದ ಬಿಯರುಗಳ ವಿಶಿಷ್ಟ ರುಚಿಗೆ ಕಾರಣ ಅದು ಎಂಬುದು ಅವನ ಮಾತಾಗಿತ್ತು. ಆಮೇಲೆ ಅದೇ ಜೀವಿ ಬಿಯರ್ ಮನೆಗಳ ಶತ್ರುವಾಯಿತು. ಈಗ ಮತ್ತೆ ಅತಿಥಿ. ಆದರೆ ಕರೆಯದೆ ಬಂದರೆ ಈಗಲೂ ಅಪರಾಧಿಯೇ: 2015ರ ಬರ್ಬನ್ ಕೌಂಟಿ ಸ್ಟೌಟಿನ ಕೆಲವು ಸೀಸೆಗಳು ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಸೇರಿ ಹುಳಿಯಾದಾಗ ಸಂಸ್ಥೆ ಹಣ ವಾಪಸು ಕೊಟ್ಟು, ಮರುವರ್ಷದಿಂದ ಬಿಯರನ್ನು ಪಾಶ್ಚರೀಕರಿಸತೊಡಗಿತು. ಪಕ್ಕದ ವಿಭಾಗದಲ್ಲಿ ಹುಳಿಗೇ ಪದಕವಿರುವಾಗ ಇಲ್ಲಿ ಹುಳಿ ಯಾಕೆ ದೋಷ? ರಸದೋಷದ ಚರ್ಚೆಯಲ್ಲಿ ನಮ್ಮ ಆಲಂಕಾರಿಕರು ಹಿಡಿದ ಸೂತ್ರವೇ ಇಲ್ಲಿಯೂ ಉತ್ತರ: ಔಚಿತ್ಯ. ರುಚಿ ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಎಲ್ಲಿ, ಯಾವುದರ ಜೊತೆ ಎಂಬುದು ಅದನ್ನು ತೀರ್ಮಾನಿಸುತ್ತದೆ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯ ಮಾತಿಗೆ ಬರಬೇಕು. ಇಂದು ವಿಚಾರಸಂಕಿರಣಗಳಲ್ಲಿ ಓದುವ ಪ್ರಬಂಧಗಳನ್ನು ಕೇಳುತ್ತಿದ್ದರೆ ಆ ಅಣ್ಣನ ಪ್ರಶ್ನೆಯೇ ಮನಸ್ಸಿಗೆ ಬರುತ್ತದೆ. ಮಲೆನಾಡಿನ ಕಾದಂಬರಿಯಿರಲಿ, ಹೈದರಾಬಾದ್ ಕರ್ನಾಟಕದ ತತ್ವಪದವಿರಲಿ, ಮೊನ್ನೆ ಬಂದ ಕಥಾಸಂಕಲನವಿರಲಿ, ಎಲ್ಲವೂ ಬಳಸಿದ ಪೀಪಾಯಿಯೊಂದರಲ್ಲಿ ಕೆಲವು ತಿಂಗಳು ಕಳೆದು ಒಂದೇ ರುಚಿಯಾಗಿ ಹೊರಬರುತ್ತವೆ. ಪೀಪಾಯಿಯ ಹೆಸರು ಫೂಕೋ ಇರಬಹುದು, ದೇಸಿ ಇರಬಹುದು, ಇನ್ನಾವುದೋ ಇರಬಹುದು. ಸಿದ್ಧಾಂತ ಬೇಡವೆಂದು ನಾನು ಹೇಳುತ್ತಿಲ್ಲ. ಪೀಪಾಯಿಯಿಲ್ಲದೆ ಮಾಗುವುದೂ ಇಲ್ಲ. ಆದರೆ ಲ್ಯಾಂಬಿಕ್ ಮಾಡುವವರಿಗೆ ಗೊತ್ತಿರುವ ಸಂಗತಿ ನಮಗೆ ಮರೆತಿದೆ. ಪಾತ್ರೆ ಎಷ್ಟು ಹಳಗಿ, ತನ್ನ ಮಾತನ್ನು ಎಷ್ಟು ಕಡಿಮೆ ಮಾಡಿಕೊಂಡು, ಒಳಗಿನದಕ್ಕೆ ಉಸಿರಾಡಲು ಬಿಡುತ್ತದೋ ಅಷ್ಟು ಒಳ್ಳೆಯದು. ಕೃತಿಯ ಪುಟ ತೆರೆಯುವ ಮೊದಲೇ ತೀರ್ಪು ಗೊತ್ತಿದ್ದರೆ ನಾವು ಸವಿದದ್ದು ಮರವನ್ನು.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಯಾವ ಕುಡಿತಕ್ಕೆ ವರ್ಣನೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ? ರುಚಿ ಮತ್ತು ವಾಸನೆಗೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಒಗರು, ಕಮಟು, ಮುಗ್ಗಲು, ಸೀದದ್ದು, ಹಳಸಿದ್ದು, ಕಂಪು, ಘಮ, ನಾತ ಎಂದು ಸಣ್ಣ ಸಣ್ಣ ವ್ಯತ್ಯಾಸ ಹಿಡಿಯುವ ಪದಗಳು ಅಡುಗೆಮನೆಯಲ್ಲಿ ದಿನವೂ ಓಡಾಡುತ್ತವೆ. ಹಳೆ ಅಕ್ಕಿ, ಹಳೆ ಹುಣಸೆ, ವರ್ಷದ ಉಪ್ಪಿನಕಾಯಿ ಎಂದು ಮಾಗುವುದರ ಬೆಲೆಯೂ ನಮಗೆ ಗೊತ್ತು. ಈಚಲ ಮರದ ಹೆಂಡವೇ ಬೇರೆ, ತೆಂಗಿನದೇ ಬೇರೆ, ಬೈನೆಯದೇ ಬೇರೆ. ಬೆಳಿಗ್ಗೆ ಇಳಿಸಿದ್ದು ಸಿಹಿ, ಹೊತ್ತೇರಿದಂತೆ ಹುಳಿ, ಮರುದಿನಕ್ಕೆ ಬಾಯಿಗಿಡಲಾಗದಷ್ಟು ಕಟು. ಒಂದು ಹಗಲಿನೊಳಗೆ ಇಷ್ಟು ಬದಲಾಗುವ ಪೇಯವನ್ನು ಗಂಟೆಗಂಟೆಗೆ ಗುರುತಿಸಬಲ್ಲ ನಾಲಿಗೆಗಳು ನಮ್ಮ ಊರುಗಳಲ್ಲಿದ್ದವು. ಅವರನ್ನು ಯಾರೂ ರಸಜ್ಞರೆನ್ನಲಿಲ್ಲ. ಕುಡುಕರೆಂದರು. ಮರ ಹತ್ತಿದವರ ಕಸುಬನ್ನು ಅವರ ಜಾತಿಯ ಗುರುತಾಗಿಯೇ ನೋಡಿದರು.

ಸಾಹಿತ್ಯದಲ್ಲಿ ಅವರಿಗೊಂದು ಬಾಯಿ ಕೊಟ್ಟವರು ಜಿ.ಪಿ. ರಾಜರತ್ನಂ. ಸ್ವತಃ ಮದ್ಯ ಮುಟ್ಟದವರೆಂದೇ ಹೆಸರಾದ ಅವರು ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದರು. ರತ್ನ ಹೆಂಡದ ರುಚಿಯನ್ನು ಪಟ್ಟಿ ಮಾಡುತ್ತ ಕೂರುವವನಲ್ಲ. ಅವನಿಗೆ ಹೆಂಡ ಎಂದರೆ ನಂಜಿ, ಗೆಳೆಯರು, ಪದ ಹೇಳುವ ಹುಕಿ, ಕನ್ನಡದ ಮೇಲಿನ ಮೋಹ. ಶಿಕಾಗೋದ ವರ್ಣನೆಗಳಲ್ಲಿ ಪೇಯ ಮಾತ್ರವಿದೆ, ಕುಡಿದವನಿಲ್ಲ. ರತ್ನನಲ್ಲಿ ಕುಡಿದವನೇ ಇದ್ದಾನೆ, ಅವನ ಲೋಕವೇ ಇದೆ. ಈ ಎರಡು ಬರವಣಿಗೆಗಳ ನಡುವಿನ ಅಂತರವನ್ನು ಅಳೆಯದೆ ರುಚಿಯ ವಿಮರ್ಶೆ ಪೂರ್ತಿಯಾಗದು.

ಅಳೆಯ ಹೊರಟರೆ ಕಾನೂನು ಮತ್ತೆ ಎದುರಾಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅಲ್ಲಲ್ಲೇ ಬಿಯರ್ ಮಾಡಿ ಬಡಿಸುವ ಪಬ್‌ಗಳು ಪರವಾನಗಿ ಪಡೆದು ತೆರೆದುಕೊಂಡವು. ಒಂದು ಅಬಕಾರಿ ಸಮಸ್ಯೆ, ಇನ್ನೊಂದು ನಗರದ ಹೆಮ್ಮೆ. ಇಲ್ಲಿ ಸಲೀಸಾದ ತೀರ್ಮಾನವೊಂದು ಕೈಗೆ ಸಿಗುತ್ತದೆ: ಬಡವರ ಕುಡಿತ ಪಾಪ, ಉಳ್ಳವರ ಕುಡಿತ ಕಲೆ. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಲ್ಲ. ಸಾರಾಯಿ ಅಂಗಡಿಗಳ ವಿರುದ್ಧ ದನಿ ಎತ್ತಿದವರಲ್ಲಿ ಅದೇ ಬಡ ಮನೆಗಳ ಹೆಂಗಸರಿದ್ದರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದವರೂ ಹಳ್ಳಿಯ ಮಹಿಳೆಯರೇ. ಅವರ ಬಳಿಗೆ ಹೋಗಿ ಹೆಂಡದ ಸೂಕ್ಷ್ಮ ರುಚಿಗಳು ಕಳೆದುಹೋದವಲ್ಲ ಎಂದು ಮರುಗುವುದು ವಿಮರ್ಶೆಯಾಗದು, ಹೊಟ್ಟೆ ತುಂಬಿದವರ ಹಳಹಳಿಕೆಯಾದೀತು. ಕುಡಿದವನ ಲೋಕವನ್ನು ಅಷ್ಟು ಚೆಂದವಾಗಿ ಹಾಡಿದ ರತ್ನನ ಪದಗಳನ್ನು ಕೂಡ ನಾವೀಗ ನಂಜಿಯ ಕಡೆಯಿಂದ ಒಮ್ಮೆ ಓದಬೇಕಾಗಿದೆ.

ಹಾಗಾದರೆ ಆ ಹಬ್ಬದ ಸಣ್ಣ ಲೋಟಗಳು ಮೋಸವೇ? ಅಲ್ಲ. ಗಮನವಿಟ್ಟು ಸವಿಯುವುದು, ಸವಿದದ್ದಕ್ಕೆ ಸರಿಯಾದ ಮಾತು ಹುಡುಕುವುದು, ಆ ಮಾತನ್ನು ಇನ್ನೊಬ್ಬರ ನಾಲಿಗೆಯ ಮುಂದೆ ಪರೀಕ್ಷೆಗೆ ಇಡುವುದು, ಇವು ಒಳ್ಳೆಯ ಅಭ್ಯಾಸಗಳು. ಸಾಹಿತ್ಯದ ವಿದ್ಯಾರ್ಥಿಗಳು ಅವನ್ನು ಯಾರಿಂದ ಕಲಿತರೂ ನಷ್ಟವಿಲ್ಲ. ಆ ಸಭಾಂಗಣದಲ್ಲಿ ಬಿಯರ್ ಮಾಡಿದವರು ತಮ್ಮ ತಪ್ಪುಗಳ ಬಗ್ಗೆ ಪಕ್ಕದ ಮೇಜಿನವರೊಡನೆ ಮಾತಾಡುತ್ತಿದ್ದ ಸಲಿಗೆ ನಮ್ಮ ಕವಿಗೋಷ್ಠಿಗಳಲ್ಲಿ ನನಗೆ ಕಂಡಿಲ್ಲ. ಕೊರತೆ ಇರುವುದು ಗಮನದಲ್ಲಲ್ಲ, ಗಮನ ನಿಲ್ಲುವ ಜಾಗದಲ್ಲಿ. ಲೋಟದ ಅಂಚಿಗೆ ಬಂದು ಅದು ನಿಂತುಬಿಡುತ್ತದೆ.

ಹ್ಯೂಮ್ ಹೇಳಿದ ಕತೆಯೂ ಅಲ್ಲಿಯೇ ನಿಲ್ಲುತ್ತದೆ. ಬೀಗದಕೈ ಸಿಕ್ಕಿತು, ರುಚಿ ನೋಡಿದವರ ಮಾತು ನಿಜವಾಯಿತು, ನಕ್ಕವರ ಬಾಯಿ ಮುಚ್ಚಿತು. ಆದರೆ ಅದು ಯಾರ ಬೀಗದಕೈ? ಪೀಪಾಯಿ ತೊಳೆದವನದೋ, ದ್ರಾಕ್ಷಿ ತುಳಿದವಳದೋ, ಉಗ್ರಾಣ ಕಾಯುತ್ತಿದ್ದವನದೋ? ಅದು ಕಳೆದ ದಿನ ಯಾವ ಬಾಗಿಲು ತೆರೆಯದೆ ಉಳಿಯಿತು, ಯಾರು ಬೈಗುಳ ತಿಂದರು? ಇಬ್ಬರು ರಸಜ್ಞರಲ್ಲಿ ಒಬ್ಬನೂ ಅದನ್ನು ಕೇಳಲಿಲ್ಲ. ಚರ್ಮ, ಕಬ್ಬಿಣ ಎಂದು ಸರಿಯಾಗಿ ಗುರುತಿಸಿದಲ್ಲಿಗೆ ವಿಮರ್ಶೆಯ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ಈ ಪ್ರಶ್ನೆಯಿಂದ ಶುರುವಾಗಬೇಕು.